ಸುಸ್ತಿಗೆಲ್ಲ ಥೈರಾಯ್ಡೇ ಕಾರಣವೇ?

ಡಾಕ್ಟರಾದವನು ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತರೂ ರೋಗಿಗಳು ತಪ್ಪುವುದಿಲ್ಲ. ತಟ್ಟೆಗೆ ಬಿಸಿಬೇಳೆಭಾತ್ ಬೀಳುವಷ್ಟರಲ್ಲಿ ಯಾರಾದರೂ ಕೇಳುತ್ತಾರೆ: "ಡಾಕ್ಟ್ರೇ, ಥೈರಾಯ್ಡ್ ಮಾತ್ರೆ ತಪ್ಪದೆ ತೊಗೋತಿದೀನಿ. ಟಿ.ಎಸ್.ಎಚ್. ಸರಿಯಾಗಿದೆ ಅಂದ್ರು. ಆದ್ರೂ ಸುಸ್ತು ಯಾಕೆ ಹೋಗಲ್ಲ?"

"ಬಿ-12 ಪರೀಕ್ಷೆ ಮಾಡಿಸಿದ್ದೀರಾ?" ಎನ್ನುವುದು ನನ್ನ ಮರುಪ್ರಶ್ನೆ.

ಥೈರಾಯ್ಡ್ ಮಂದವಾದಾಗಲೂ, ಬಿ-12 ಜೀವಸತ್ವ ಕಡಿಮೆಯಾದಾಗಲೂ ಆಯಾಸ, ಮರೆವು, ಮಂಕು, ಕೈಕಾಲು ಜೋಮು ಕಾಣಬಹುದು. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡುವುದೇ ಹೆಚ್ಚು. ಆದರೆ ಎರಡೂ ಜೊತೆಯಾಗಿ ಬರುವುದುಂಟು. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವರ್ಣಿಸಿದ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿಬೀಳುತ್ತದೆ. ಇಂಥವರಲ್ಲಿ ಕೆಲವರಿಗೆ ಜಠರದ ಮೇಲೂ ಅದೇ ಬಗೆಯ ದಾಳಿ ನಡೆದು, ಬಿ-12 ಹೀರಿಕೊಳ್ಳಲು ಬೇಕಾದ ಪ್ರೋಟೀನು ತಯಾರಾಗುವುದಿಲ್ಲ.

ನಮ್ಮಲ್ಲಿ ಸಸ್ಯಾಹಾರಿಗಳಿಗೆ ಇನ್ನೊಂದು ತೊಡಕಿದೆ. ಸೊಪ್ಪು, ಬೇಳೆ, ತರಕಾರಿ ಎಷ್ಟು ತಿಂದರೂ ಬಿ-12 ಸಿಗದು. ಹಾಲು ಮೊಸರಿನಲ್ಲಿ ಸ್ವಲ್ಪ ಉಂಟು. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಅದು ಇಳಿಯಬಹುದು.

ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದಿದ್ದ ತಾಯಿಯೊಬ್ಬರು, "ಹತ್ತಿ ಮೇಲೆ ನಡೆದ ಹಾಗಾಗುತ್ತೆ, ಕಾಲಡಿ ನೆಲವೇ ತಿಳಿಯಲ್ಲ" ಎಂದರು. ಥೈರಾಯ್ಡ್ ಇದೆ, ವಯಸ್ಸೂ ಆಯಿತು ಎಂದು ಮನೆಯವರು ಸುಮ್ಮನಿದ್ದರು. ನೋಡಿದರೆ ಬಿ-12 ತೀರ ಕಡಿಮೆ. ಇಂಜೆಕ್ಷನ್ ಕೊಟ್ಟ ಮೇಲೆ ಸುಸ್ತು ಹೋಯಿತು, ಮಾತಿನಲ್ಲಿ ಲವಲವಿಕೆ ಬಂತು. ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ನರಗಳ ಹಾನಿ ಹಳೆಯದಾದರೆ ಹೀಗೆ ಉಳಿದುಬಿಡಬಹುದು.

ರಕ್ತಹೀನತೆ ಇಲ್ಲವೆಂದೂ ನಿಶ್ಚಿಂತರಾಗಬೇಡಿ. ಅಮೆರಿಕದಲ್ಲಿ 1998ರಿಂದ ಬ್ರೆಡ್ಡಿನ ಹಿಟ್ಟಿನಂಥವಕ್ಕೆ ಫೋಲಿಕ್ ಆಮ್ಲ ಸೇರಿಸುವುದು ಕಡ್ಡಾಯ. ಈ ಫೋಲಿಕ್ ಆಮ್ಲ ಹೆಚ್ಚಾಗಿ ಸಿಕ್ಕರೆ ರಕ್ತವನ್ನು ಸರಿಪಡಿಸಬಲ್ಲದು, ನರಗಳನ್ನು ಉಳಿಸಲಾರದು.

ಇನ್ನು ಥೈರಾಯ್ಡ್ ಮಾತ್ರೆಯ ವಿಚಾರ. ಫಿಲ್ಟರ್ ಕಾಫಿಯ ಜೊತೆ ಅದನ್ನು ನುಂಗುವ ಅಭ್ಯಾಸ ನಮ್ಮವರಲ್ಲಿ ಬಹಳ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುವವರು ರಕ್ತಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಅದು ಥೈರಾಯ್ಡ್ ಫಲಿತಾಂಶವನ್ನೇ ಏರುಪೇರು ಮಾಡುತ್ತದೆ.

ಬಿ-12 ಸರಿಹೋಯಿತೆಂದು ಥೈರಾಯ್ಡ್ ಮಾತ್ರೆ ಬಿಡಬೇಡಿ. ಒಂದರ ಕೆಲಸ ಇನ್ನೊಂದು ಮಾಡದು. ಮನೆಯಲ್ಲಿ ಹಿರಿಯರಿದ್ದರೆ "ಕಾಲು ಜೋಮು ಹಿಡಿಯುತ್ತಾ?" ಎಂದು ಈ ವಾರವೇ ಕೇಳಿ. ನಾವು ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.