ಒಂಟಿ ಸವಾರನ ಹಿಂದೆ ನಿಂತವರು

ಗೆದ್ದವನ ಕೊರಳಿಗೆ ಬೀಳುವುದು ಒಂದೇ ಹಾರ. ಅದನ್ನು ಕಟ್ಟಿದ ಕೈಗಳನ್ನು ಎಣಿಸುವವರು ವಿರಳ. ಇಟಲಿಯ ಸೈಕಲ್ ವೀರ ಫೌಸ್ಟೊ ಕೊಪ್ಪಿಯ ಜೀವನವನ್ನು ಅವಲೋಕಿಸುವಾಗ ಆ ಎಣಿಕೆ ಅನಿವಾರ್ಯವಾಗುತ್ತದೆ. ಗುಂಪನ್ನು ಹಿಂದಿಕ್ಕಿ ಏಕಾಂಗಿಯಾಗಿ ಗುರಿ ಮುಟ್ಟುವುದರಲ್ಲಿ ಅವನಿಗೆ ಸಾಟಿಯಾದವರು ಆ ಕಾಲದಲ್ಲಿ ಇರಲಿಲ್ಲ. ಆದರೆ ಆ ಏಕಾಂಗಿತನವನ್ನು ಸಾಧ್ಯವಾಗಿಸಿದವರು ಹಲವರು.

1919ರ ಸೆಪ್ಟೆಂಬರ್ 15ರಂದು ಪಿಯೆಮೊಂಟೆ ಪ್ರಾಂತದ ಕಸ್ತೆಲ್ಲಾನಿಯ ಎಂಬ ಗುಡ್ಡದ ಹಳ್ಳಿಯ ರೈತ ಕುಟುಂಬದಲ್ಲಿ ಕೊಪ್ಪಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ನೋವಿ ಲಿಗೂರೆ ಪಟ್ಟಣದ ಮಾಂಸದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಗಿರಾಕಿಗಳ ಮನೆಗಳಿಗೆ ಬೈಸಿಕಲ್ಲಿನ ಮೇಲೆ ಪದಾರ್ಥ ತಲುಪಿಸುತ್ತಿದ್ದನು. ಅದೇ ಪಟ್ಟಣದಲ್ಲಿ ಬಿಯಾಜಿಯೊ ಕವಾನ್ನನೆಂಬ ಅಂಗಮರ್ದಕನಿದ್ದನು. ಹಿಂದಿನ ತಲೆಮಾರಿನ ಮಹಾಸವಾರ ಕೊಸ್ತಾಂತೆ ಜಿರಾರ್ದೆಂಗೊನ ಮೈ ನೀವಿ ಪಳಗಿದ ಕೈ ಅವನದು. ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಈ ಗುರು, ಕೃಶಾಂಗನಾದ ಹುಡುಗನೊಳಗೆ ಅಡಗಿದ್ದ ಶಕ್ತಿಯನ್ನು ಬೆರಳುಗಳಿಂದಲೇ ಗುರುತಿಸಿದನು. ಊಟ, ನಿದ್ರೆ, ಅಭ್ಯಾಸ ಎಲ್ಲಕ್ಕೂ ಕಟ್ಟುನಿಟ್ಟಾದ ನಿಯಮ ವಿಧಿಸಿದನು. ಶಿಷ್ಯನು ಸೈಕಲ್ ಏರಿ ಸಾಗುವ ದೃಶ್ಯವನ್ನು ಗುರುವು ಒಮ್ಮೆಯೂ ಕಾಣಲಿಲ್ಲ. ಪಾಠ ಹೇಳಿದವರಿಗೆ ಅದರ ಫಲವನ್ನು ಕಾಣುವ ಭಾಗ್ಯ ಎಲ್ಲ ಕಾಲದಲ್ಲಿಯೂ ದೊರೆಯುವುದಿಲ್ಲವೆಂಬುದು ಶಿಕ್ಷಕವೃತ್ತಿಯಲ್ಲಿರುವವರಿಗೆ ತಿಳಿಯದ ಸಂಗತಿಯಲ್ಲ.

1940ರಲ್ಲಿ ಕೊಪ್ಪಿಯು ಇಟಲಿಯ ಮಹಾಪಂದ್ಯವಾದ 'ಜಿರೊ'ಗೆ ಹೊರಟದ್ದು ಜೀನೊ ಬಾರ್ತಲಿಯ ಸಹಾಯಕನಾಗಿ. ಆರಂಭದಲ್ಲಿಯೇ ಬಾರ್ತಲಿ ಬಿದ್ದು ಗಾಯಗೊಂಡನು. ಇಪ್ಪತ್ತರ ಕೊಪ್ಪಿ ಮುನ್ನಡೆದಾಗ, ನಾಯಕನೇ ಬೆಟ್ಟದ ಹಾದಿಯಲ್ಲಿ ಕಿರಿಯನಿಗೆ ನೆರವಾದನು. ಜೂನ್ 9ರಂದು ಕೊಪ್ಪಿ ಪಂದ್ಯವನ್ನು ಗೆದ್ದನು. ಮರುದಿನವೇ ಇಟಲಿ ಯುದ್ಧಕ್ಕಿಳಿಯಿತು. ಯುದ್ಧದ ನಡುವೆಯೇ, 1942ರ ನವೆಂಬರ್ 7ರಂದು, ಮಿಲಾನಿನ ವಿಗೊರೆಲ್ಲಿ ಅಂಕಣದಲ್ಲಿ ಒಂದು ಗಂಟೆಯಲ್ಲಿ 45.798 ಕಿಲೋಮೀಟರು ಕ್ರಮಿಸಿ ಅವನು ವಿಶ್ವದಾಖಲೆ ಸ್ಥಾಪಿಸಿದನು. 1956ರಲ್ಲಿ ಫ್ರಾನ್ಸಿನ ಜಾಕ್ ಆಂಕೆಟಿಲ್ ಮುರಿಯುವವರೆಗೆ ಅದು ಅಚಲವಾಗಿ ನಿಂತಿತ್ತು. ದಾಖಲೆಯ ಮರುವರ್ಷವೇ ಟ್ಯುನೀಸಿಯದ ರಣಭೂಮಿಯಲ್ಲಿ ಕೊಪ್ಪಿ ಯುದ್ಧಕೈದಿಯಾದನು.

ಯುದ್ಧ ಮುಗಿದ ಮೇಲೆ ಅವನ ಕೀರ್ತಿ ಯೂರೋಪನ್ನೆಲ್ಲ ವ್ಯಾಪಿಸಿತು. ಇಬ್ಬರು ಸವಾರರು ಅಂಕಣದ ಎದುರುಬದುರು ದಿಕ್ಕಿನಿಂದ ಹೊರಟು ಪರಸ್ಪರ ಬೆನ್ನಟ್ಟುವ ಸ್ಪರ್ಧೆಯಲ್ಲಿ 1947 ಮತ್ತು 1949ರಲ್ಲಿ ಅವನು ವಿಶ್ವವಿಜೇತನಾದನು. 1953ರಲ್ಲಿ ರಸ್ತೆ ಓಟದಲ್ಲಿಯೂ ಆ ಪದವಿ ಪಡೆದನು. ಒಟ್ಟು ಐದು ಬಾರಿ ಜಿರೊವನ್ನು, 1949 ಮತ್ತು 1952ರಲ್ಲಿ 'ಟೂರ್ ದ ಫ್ರಾನ್ಸ್' ಪಂದ್ಯವನ್ನು ಗೆದ್ದನು. 1949ರ ಜೂನ್ 10ರಂದು ಕೂನೆಯೊದಿಂದ ಪಿನೆರೋಲೊವರೆಗೆ ಆಲ್ಪ್ಸ್ ಪರ್ವತದ ಐದು ಘಟ್ಟಗಳನ್ನು ದಾಟಿದ ದಿನ, 192 ಕಿಲೋಮೀಟರು ದೂರವನ್ನು ಒಬ್ಬನೇ ಸಾಗಿ, ಬಾರ್ತಲಿಗಿಂತ ಸುಮಾರು 12 ನಿಮಿಷ ಮೊದಲು ಗುರಿ ತಲುಪಿದನು. ಮುಂದೆ ಒಬ್ಬನೇ ಒಬ್ಬನಿದ್ದಾನೆ ಎಂದು ರೇಡಿಯೋದಲ್ಲಿ ಮಾರಿಯೊ ಫೆರ್ರೆತ್ತಿ ಸಾರಿದ ವಾರ್ತೆ ಆ ನಾಡಿನ ಜನರ ನೆನಪಿನಲ್ಲಿ ನೆಲೆಯೂರಿತು.

ಆ ಒಬ್ಬನಿಗಾಗಿ ಗಾಳಿಗೆ ಎದೆಯೊಡ್ಡಿದವರು, ನೀರು ತಂದುಕೊಟ್ಟವರು ಅನೇಕರು. ಅವರಲ್ಲಿ ಆಂದ್ರೆಯ ಕರ್ರೆಯ ಒಬ್ಬನು. ಬೂಕೆನ್ವಾಲ್ಡ್ ಸೆರೆಶಿಬಿರದಿಂದ ಬದುಕಿ ಬಂದವನು. 1952ರ ಟೂರ್ ಪಂದ್ಯದಲ್ಲಿ ಮುಂದೆ ನುಗ್ಗಿದವರ ಜೊತೆಗಿದ್ದುದರಿಂದ ಅಗ್ರಸ್ಥಾನದ ಹಳದಿ ಅಂಗಿ ಅನಿರೀಕ್ಷಿತವಾಗಿ ಅವನ ಪಾಲಾಯಿತು. ನಾಯಕನ ಗೌರವವನ್ನು ತಾನು ಕಸಿದೆನೆಂದು ಅವನು ಹರ್ಷಿಸುವ ಬದಲು ಕಣ್ಣೀರಿಟ್ಟನು. ಮರುದಿನ ಆಲ್ಪ್ ದ್ಯೂಯೆ ಬೆಟ್ಟದ ನೆತ್ತಿಯಲ್ಲಿ ಕೊಪ್ಪಿ ಜಯಗಳಿಸಿ ಆ ಅಂಗಿಯನ್ನು ಧರಿಸಿದನು. ಚರಿತ್ರೆಯಲ್ಲಿ ಕರ್ರೆಯನಿಗೆ ದೊರೆತದ್ದು ಒಂದೇ ದಿನ.

ಕೊಪ್ಪಿಯ ಬಾಳು ಕಳಂಕರಹಿತವೆಂದು ಹೇಳಲಾಗದು. ಆಗ ನಿಷಿದ್ಧವಾಗಿರದ ಉತ್ತೇಜಕ ಔಷಧಗಳನ್ನು ಬಳಸಿದ್ದನ್ನು ಅವನೇ ಒಪ್ಪಿಕೊಂಡಿದ್ದನು. ಪತ್ನಿಯನ್ನು ತೊರೆದು ಇನ್ನೊಬ್ಬರ ಮಡದಿಯೊಡನೆ ಬಾಳತೊಡಗಿದಾಗ, ವಿಚ್ಛೇದನಕ್ಕೆ ಅವಕಾಶವಿಲ್ಲದ ಅಂದಿನ ಇಟಲಿಯ ನ್ಯಾಯಾಲಯ 1955ರಲ್ಲಿ ಇಬ್ಬರನ್ನೂ ಅಪರಾಧಿಗಳೆಂದು ಘೋಷಿಸಿತು. ಅದಕ್ಕೂ ಆಳವಾದ ಗಾಯ ಮೊದಲೇ ಆಗಿತ್ತು. ತಾನೂ ಸವಾರನಾಗಿ ಅಣ್ಣನ ನೆರಳಿನಂತಿದ್ದ ತಮ್ಮ ಸೆರ್ಸೆ, 1951ರಲ್ಲಿ ಪಂದ್ಯವೊಂದರಲ್ಲಿ ಬಿದ್ದು, ಎದ್ದು, ಗುರಿ ಮುಟ್ಟಿ, ಕೆಲವೇ ಗಂಟೆಗಳಲ್ಲಿ ಅಸುನೀಗಿದ್ದನು.

1959ರ ಡಿಸೆಂಬರಿನಲ್ಲಿ ಕೊಪ್ಪಿ ಇತರ ಸವಾರರೊಂದಿಗೆ ಆಫ್ರಿಕದ ಅಪ್ಪರ್ ವೋಲ್ಟಾಕ್ಕೆ, ಅಂದರೆ ಈಗಿನ ಬುರ್ಕಿನಾ ಫಾಸೊಗೆ ತೆರಳಿದನು. ಮರಳಿದ ಮೇಲೆ ಅವನಿಗೂ ಗೆಳೆಯ ರಫಾಯೆಲ್ ಜೆಮಿನಿಯಾನಿಗೂ ತೀವ್ರ ಜ್ವರ ಬಂದಿತು. ಫ್ರಾನ್ಸಿನಲ್ಲಿ ವೈದ್ಯರು ಮಲೇರಿಯವೆಂದು ಗುರುತಿಸಿದ್ದರಿಂದ ಜೆಮಿನಿಯಾನಿ ಉಳಿದನು. ಇಟಲಿಯಲ್ಲಿ ಕೊಪ್ಪಿಯ ಜ್ವರದ ಮೂಲವನ್ನು ಸಕಾಲದಲ್ಲಿ ಯಾರೂ ಅರಿಯಲಿಲ್ಲ. 1960ರ ಜನವರಿ 2ರಂದು, ನಲವತ್ತರ ವಯಸ್ಸಿನಲ್ಲಿ, ತೊರ್ತೋನದಲ್ಲಿ ಅವನು ಕೊನೆಯುಸಿರೆಳೆದನು. ಹುಡುಗನ ಮೈಯನ್ನು ಕುರುಡನೊಬ್ಬನ ಬೆರಳು ಅರಿತಿತ್ತು. ಜಗದ್ವಿಖ್ಯಾತನ ಬೇನೆ ಕಣ್ಣುಳ್ಳವರಿಗೆ ಕಾಣದೆ ಹೋಯಿತು.

2019ರಲ್ಲಿ ಆ ಹಳ್ಳಿಯ ಹೆಸರು ಕಸ್ತೆಲ್ಲಾನಿಯ ಕೊಪ್ಪಿ ಎಂದಾಯಿತು. ಅಲ್ಲಿ ಅವನ ಸಮಾಧಿ ಒಂಟಿಯಾಗಿಲ್ಲ; ಪಕ್ಕದಲ್ಲಿಯೇ ಸೆರ್ಸೆ ವಿಶ್ರಮಿಸಿದ್ದಾನೆ.