ಮರದಿಂದ ಮರಕ್ಕೆ

ವರದಾ ನದಿಯ ಉಗಮಸ್ಥಾನವಾದ ವರದಮೂಲವು ಸಾಗರ ತಾಲ್ಲೂಕಿನಲ್ಲಿ, ಇಕ್ಕೇರಿಗೆ ಸಮೀಪದಲ್ಲಿದೆ. ಈ ಸೀಮೆಯ ಕಣಿವೆಗಳಲ್ಲೆಲ್ಲ ಅಡಿಕೆಯ ತೋಟಗಳು ಹಬ್ಬಿವೆ. ಕಾರ್ತಿಕ ಮಾಸ ಬಂತೆಂದರೆ ಅಲ್ಲಿ ಕೊನೆಕೊಯ್ಲಿನ ಸಡಗರ. ಆಗ ತೋಟವನ್ನು ಹೊಕ್ಕು ತಲೆಯೆತ್ತಿ ನೋಡಿದರೆ, 50 ಅಡಿಗಳ ಎತ್ತರದಲ್ಲಿ ಮನುಷ್ಯನೊಬ್ಬನು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುತ್ತಿರುವುದು ಕಾಣುತ್ತದೆ. ಅವನೇ ಕೊನೆಗಾರ.

ಅಡಿಕೆಯ ಮರಕ್ಕೆ ಕೊಂಬೆಯಿಲ್ಲ. ಕೊನೆಗಾರನು ಎರಡು ಪಾದಗಳಿಗೂ ಸೇರಿಸಿ ಹಗ್ಗದ ಬಳೆಯೊಂದನ್ನು ತೊಟ್ಟು, ಪಾದಗಳ ನಡುವೆ ಕಾಂಡವನ್ನು ಅವುಚಿ ಹಿಡಿದು ಏರುತ್ತಾನೆ. ಪ್ರತಿಯೊಂದು ಮರವನ್ನೂ ಹತ್ತಿ ಇಳಿಯುವುದಾದರೆ, ನೂರು ಮರ ಮುಗಿಯುವಷ್ಟರಲ್ಲಿ ಅವನು ಏರಿದ ಎತ್ತರ 5,000 ಅಡಿಗಳಾಗುತ್ತದೆ. ಕೊಡಚಾದ್ರಿಯ ಎತ್ತರವೇ ಸಮುದ್ರಮಟ್ಟದಿಂದ ಸುಮಾರು 4,400 ಅಡಿ! ಆದುದರಿಂದಲೇ ಅವನು ಇಳಿಯದೆ ದಾಟುವ ವಿದ್ಯೆಯನ್ನು ಸಾಧಿಸಿದ್ದಾನೆ.

ಸಾಲುಮರಗಳ ನಡುವಣ ಅಂತರ ಸುಮಾರು 9 ಅಡಿ. ಕೊನೆಗಾರನು ತುದಿಯಲ್ಲಿ ನಿಂತು ಮೈಯ ಭಾರವನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹಾಕುತ್ತಾನೆ. ಮರ ಮೆಲ್ಲನೆ ತೂಗತೊಡಗುತ್ತದೆ. ಪ್ರತಿಯೊಂದು ಮರಕ್ಕೂ ಅದರದೇ ಆದ ಲಯವುಂಟು. ಉಯ್ಯಾಲೆಯನ್ನು ಜೀಕುವಂತೆ, ಲಯವರಿತು ಭಾರ ಹಾಕಿದರೆ ಅಲ್ಪ ಬಲದಿಂದಲೇ ತೂಗು ಹಿಗ್ಗುತ್ತದೆ. ಲಯ ತಪ್ಪಿದರೆ ಎಷ್ಟು ಬಲ ಹಾಕಿದರೂ ಮರ ಒಲಿಯದು. ಭೌತಶಾಸ್ತ್ರವು ಇದನ್ನು ಅನುರಣನೆ ಎನ್ನುತ್ತದೆ. ನೆರೆಯ ಮರ ಕೈಗೆಟುಕಿದೊಡನೆ ಅದನ್ನು ಹಿಡಿದು, ಎರಡನ್ನೂ ಒಂದು ಕ್ಷಣ ಕೂಡಿಸಿಕೊಂಡು ದಾಟುತ್ತಾನೆ. ಹೊಸ ಮರವು ತನ್ನ ಭಾರವನ್ನು ಹೊತ್ತಿತೆಂದು ಮೈಗೆ ತಿಳಿಯುವವರೆಗೂ ಹಳೆಯದನ್ನು ಬಿಡುವುದಿಲ್ಲ. ಬಿಟ್ಟೊಡನೆ ಅದು ಬಿಲ್ಲಿನಂತೆ ಸಿಡಿದು ನೆಟ್ಟಗಾಗುತ್ತದೆ.

ಇದನ್ನು ಕೇವಲ ಧೈರ್ಯವೆನ್ನುವುದು ಸರಿಯಲ್ಲ. ಯಾವಾಗ ದಾಟಬಾರದೆಂಬ ಅರಿವು ಧೈರ್ಯಕ್ಕಿಂತ ದೊಡ್ಡದು. ಬಿಸಿಲಿಗೆ ಸುಟ್ಟು ಸೀಳಿದ ಕಾಂಡ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಡ, ಗಾಳಿಗೆ ಅಳ್ಳಾಡುವ ಎಳೆಯ ತುದಿ: ಇವುಗಳನ್ನು ಅವನ ಅಂಗಾಲು ಗುರುತಿಸಬಲ್ಲುದು. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಕುರಿತ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅದಕ್ಕೆ ಪರಿಹಾರವಾಗಿ ಬಳಕೆಗೆ ತಂದರು. ಆದರೆ ಸುರಿಯುವ ಮಳೆಗಾಲದಲ್ಲಿ ಆ ದ್ರಾವಣವನ್ನು ಕೊನೆಗೆ ಮುಟ್ಟಿಸಲು ಮರ ಹತ್ತುವವನೇ ಬೇಕಾಯಿತು.

ಇಂದಿನ ಮಕ್ಕಳಿಗೆ ಇಂಥ ನೆಗೆತ ಹೊಸದಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಪುಟ್ಟ ನಾಯಕನು ಕಟ್ಟೆಯಿಂದ ಕಟ್ಟೆಗೆ ಹಾರುತ್ತಾನೆ. ಅಲ್ಲಿಯೂ ಓಟದ ವೇಗ, ಹಾರುವ ಗಳಿಗೆ, ಇಳಿಯುವ ನೆಲೆ ಇವನ್ನು ಅಭ್ಯಾಸದಿಂದಲೇ ಕಲಿಯಬೇಕು. ಬಿದ್ದರೆ ಆಟ ಮತ್ತೆ ಮೊದಲಾಗುತ್ತದೆ. ತೋಟದಲ್ಲಿ ಬಿದ್ದವನಿಗೆ ಆ ಅವಕಾಶವಿಲ್ಲ. ಬಿದ್ದು ಸತ್ತವರೂ, ಸೊಂಟ ಮುರಿದು ಹಾಸಿಗೆ ಹಿಡಿದವರೂ ಉಂಟು.

ಈಗ ನೆಲದಲ್ಲಿ ನಿಂತೇ ಕೊನೆ ಕೊಯ್ಯಬಲ್ಲ ಹಗುರವಾದ ಉದ್ದನೆಯ ದೋಟಿಗಳು ಬಂದಿವೆ. ಜೀವ ಉಳಿಸುವ ಸಾಧನವನ್ನು ಸ್ವಾಗತಿಸಬೇಕಾದುದು ನ್ಯಾಯ. ಕೊನೆಗಾರನ ಮಗನು ಮರ ಹತ್ತದೆ ಶಾಲೆಗೆ ಹೋದರೆ ಅದರಲ್ಲಿ ಮರುಗುವಂಥದೇನೂ ಇಲ್ಲ. ಆದರೆ ಅಕ್ಷರವೊಂದೇ ವಿದ್ಯೆ, ತಂದೆಯು ಬಲ್ಲದ್ದು ಬರಿಯ ಕೂಲಿ ಎಂದು ಅವನು ಆ ಶಾಲೆಯಲ್ಲಿ ಕಲಿಯುವಂತಾಗಬಾರದು.