‘ಬೊಡ್ಚಿ’ ಎಂಬ ಮಾತು

ತುಳುನಾಡಿನ ಹೆಣ್ಣು ಸ್ವತಂತ್ರಳು ಎಂದು ನಮ್ಮ ಕಡೆಯ ದೊಡ್ಡವರು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳುತ್ತಾರೆ. ಅಳಿಯಕಟ್ಟು ನಮ್ಮದು, ಬಳಿ ತಾಯಿಯಿಂದ ಬರುತ್ತದೆ, ಗಂಡ ಸತ್ತವಳಿಗೆ ಬುಡುದಾರೆ ಉಂಟು ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಉಜಿರೆ ಪೇಟೆ ದಾಟಿ, ಚಾರ್ಮಾಡಿ ರಸ್ತೆಯಿಂದ ಒಳಕ್ಕೆ ತಿರುಗಿ, ನಮ್ಮ ಕಾಲನಿಗಳಿಗೆ ಬನ್ನಿ ಗೆಳೆಯರೇ. ಬಳಿ ಹೆಣ್ಣಿನದು, ಒಪ್ಪಿದೆವು. ಮೈ ಯಾರದು?

ನಾವು ಬೀಡಿ ಕಟ್ಟುವ ತಾಯಂದಿರ ಮಕ್ಕಳು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸುತ್ತಾ ಕೂತ ಹೆಂಗಸರ ನಡುವೆಯೇ ಓದಿ ಡಿಗ್ರಿ ಮಾಡಿದವರು. ಗಂಡಸರು ಕೆಂಪುಕಲ್ಲಿನ ಕೋರೆಗೆ, ರಬ್ಬರ್ ತೋಟಕ್ಕೆ ಹೋದ ಮೇಲೆ ಆ ಜಗಲಿಯಲ್ಲಿ ಏಳುವ ಮಾತು ನಮಗೆ ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ. “ಕುಡಿದು ಬಂದ ರಾತ್ರಿ ನಮ್ಮ ಮೈ ನಮ್ಮದಲ್ಲ ಮಾರಾಯ್ತಿ.” “ಬೇಡ ಹೇಳ್ಲಿಕ್ಕುಂಟಾ? ಹೇಳಿದ್ರೆ, ಯಾರನ್ನು ಇಟ್ಕೊಂಡಿದ್ದಿ ಅಂತ ಕೇಳ್ತಾರೆ.” ಒಬ್ಬಳಿಗೆ ಬಿಳಿಸೆರಗು, ಇನ್ನೊಬ್ಬಳಿಗೆ ಕಿಬ್ಬೊಟ್ಟೆ ನೋವು. ಎಲ್ಲವನ್ನೂ ನಗೆಯಲ್ಲಿ ತೇಲಿಸಿ ಮತ್ತೆ ಬೀಡಿಗೆ ನೂಲು ಸುತ್ತುತ್ತಾರೆ.

ತುಳುವಿನಲ್ಲಿ ‘ಬೊಡ್ಚಿ’ ಅಂದರೆ ಬೇಡ. ಬೀಡಿ ಬ್ರಾಂಚಿನವನು ಹಾಳು ಎಲೆ ಕೊಟ್ಟರೆ ಇದೇ ಹೆಂಗಸರು ಬೊಡ್ಚಿ ಎಂದು ಮುಖಕ್ಕೆ ಹೇಳಿ ಬರುತ್ತಾರೆ. ಧಣಿಯ ಅಂಗಳದ ಹಳಸಲು ಗಂಜಿಗೆ ಬೊಡ್ಚಿ ಅನ್ನಲು ಕಲಿತಿದ್ದಾರೆ. ಚಾಪೆಯ ಮೇಲೆ ಮಾತ್ರ ಆ ಮಾತು ಗಂಟಲಲ್ಲೇ ಸಾಯುತ್ತದೆ.

ಇದು ನಮ್ಮ ಕಾಲನಿಯ ರೋಗ ಮಾತ್ರ ಎಂದು ಮೇಲ್ಜಾತಿಯವರು ಮೂಗು ಮುರಿಯುವುದು ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಹಂಚಿನ ಮನೆ, ತಾರಸಿ ಮನೆ ಎಲ್ಲವೂ ಆ ಲೆಕ್ಕದಲ್ಲಿವೆ. ವ್ಯತ್ಯಾಸ ಇಷ್ಟೆ: ನಮ್ಮವಳಿಗೆ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಗುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರರಿಗಿಂತ ಮೊದಲು ಜಾತಿ ಮಾತಾಡುತ್ತದೆ.

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ: ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ ಹೆಂಗಸರು 100ಕ್ಕೆ 57. ಗಂಡಸರ ಲೆಕ್ಕ 100ಕ್ಕೆ ಒಂದೂ ಮುಟ್ಟುವುದಿಲ್ಲ. ಇದಕ್ಕೂ ಒಂದು ಚರಿತ್ರೆ ಉಂಟು. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಆಪರೇಷನ್ ಆಯಿತು, ಹೆಚ್ಚಿನವರು ಗಂಡಸರು. ಬಲವಂತಕ್ಕೆ ಸಿಕ್ಕವರಲ್ಲಿ ಬಡವರು, ದಲಿತರು, ಮುಸ್ಲಿಮರು ಬಹಳ. ಆ ಸಿಟ್ಟಿಗೆ ಸರ್ಕಾರ ಉರುಳಿತು. ಆಮೇಲೆ ಬಂದವರು ಗಂಡಸರನ್ನು ಬಿಟ್ಟು ಹೆಂಗಸರ ಹೊಟ್ಟೆಗೆ ಕತ್ತರಿ ಹಾಕಿದರು. ಗಂಡಸರ ಆಪರೇಷನ್ ಸಣ್ಣದು, ಅದರಿಂದ ಗಂಡಸುತನವೂ ಹೋಗುವುದಿಲ್ಲ, ದುಡಿಯುವ ಶಕ್ತಿಯೂ ಹೋಗುವುದಿಲ್ಲ. ಇದನ್ನು ಗಂಡಸರ ಸಭೆಯಲ್ಲೇ ಹೇಳಬೇಕು. ಆಪರೇಷನ್ ಬಸಿರು ತಡೆಯುತ್ತದೆಯೇ ಹೊರತು ಅಂಟುರೋಗ ತಡೆಯುವುದಿಲ್ಲ. ಅದಕ್ಕೆ ನಿರೋಧ್ ಬೇಕು. ಗಂಡನಿಂದ ಅಂಟಿದ ರೋಗಕ್ಕೆ ಹೆಂಡತಿ ಒಬ್ಬಳೇ ಮಾತ್ರೆ ನುಂಗಿದರೆ ಅದು ಮತ್ತೆ ಬರುತ್ತದೆ, ಮದ್ದು ಇಬ್ಬರೂ ತಗೊಳ್ಳಬೇಕು.

ಬಾಬಾಸಾಹೇಬರು ಈ ಮಾತಿಗೆ ನಾಚಲಿಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಅವರ ಭಾಷಣ ಓದಲಾಯಿತು. 1942ರಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ, ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಿ, ಗುಲಾಮಳಾಗಲು ಒಪ್ಪಬೇಡಿ ಎಂಬ ಅರ್ಥದ ಮಾತು ಹೇಳಿದರು. ಆ ಫೋಟೋಕ್ಕೆ ಹಾರ ಹಾಕುವ ಕೈ ರಾತ್ರಿ ಹೆಂಡತಿಯ ಕೂದಲು ಹಿಡಿದರೆ ಆ ಹಾರಕ್ಕೆ ಏನು ಅರ್ಥ?

1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಕರಿಯರ ಪ್ಯಾಂಥರ್ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಕರಿಯ ಹೆಂಗಸರ ಮಾತು ಅಷ್ಟು ಬೇಗ ನಮ್ಮಲ್ಲಿಗೆ ಬರಲಿಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿಗಾರ್ತಿ ಫ್ಯಾನಿ ಲೂ ಹೇಮರ್ 1961ರಲ್ಲಿ ಒಂದು ಗೆಡ್ಡೆ ತೆಗೆಸಲು ಹೋದಾಗ, ಕೇಳದೆ ಹೇಳದೆ ಆಕೆಯ ಗರ್ಭಕೋಶವನ್ನೇ ತೆಗೆದರು. ಮುಂದೆ ಆಕೆ ಮತದ ಹಕ್ಕಿನ ದೊಡ್ಡ ನಾಯಕಿಯಾದಳು, ಈ ಅನ್ಯಾಯವನ್ನೂ ಬಾಯಿ ಬಿಟ್ಟು ಹೇಳಿದಳು. 1977ರಲ್ಲಿ ಬಾಸ್ಟನ್ನಿನ ಕಾಂಬಹೀ ರಿವರ್ ಕಲೆಕ್ಟಿವ್‌ನ ಕರಿಯ ಹೆಂಗಸರು, ತಮ್ಮ ಗಂಡಸರ ಜೊತೆ ನಿಂತು ವರ್ಣಭೇದದ ವಿರುದ್ಧವೂ, ಅದೇ ಗಂಡಸರ ಎದುರು ನಿಂತು ಗಂಡಾಳಿಕೆಯ ವಿರುದ್ಧವೂ ಹೋರಾಡುತ್ತೇವೆ ಎಂದು ಸಾರಿದರು. ನಮ್ಮ ದಾರಿಯೂ ಅದೇ. ಧಣಿ ಕೈ ಹಾಕಿದರೆ ಮೆರವಣಿಗೆ, ಗಂಡ ಕೈ ಹಾಕಿದರೆ ‘ಒಳಗಿನ ಮಾತು’ ಎಂಬುದು ನಡೆಯದು.

ಕಾನೂನು ಅರ್ಧ ದಾರಿ ಬಂದು ನಿಂತಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಹಿಂಸೆ ಎನ್ನುತ್ತದೆ. ಗರ್ಭ ತೆಗೆಸಲು ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ. ಆದರೆ 2023ರ ಭಾರತೀಯ ನ್ಯಾಯ ಸಂಹಿತೆ ಕೂಡ 18 ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸಿದ ಬಲಾತ್ಕಾರವನ್ನು ಬಲಾತ್ಕಾರ ಎಂದು ಕರೆಯಲಿಲ್ಲ.

ಇನ್ನೊಂದು ಮಾತು. ಬೊಡ್ಚಿಗೆ ಎದುರು ‘ಬೋಡು’ ಎಂಬ ಪದವೂ ತುಳುವಿನಲ್ಲಿದೆ. ಬೇಕು ಎಂದು. ನಮ್ಮ ಹೆಂಗಸರು ಕಲ್ಲಲ್ಲ, ಅವರಿಗೂ ಆಸೆ ಉಂಟು, ಸುಖ ಉಂಟು. ಬೇಡ ಅನ್ನಲು ಹೆದರುವವಳು ಬೇಕು ಅನ್ನುವುದು ಹೇಗೆ? ಅವಳ ಮೌನವನ್ನೇ ಒಪ್ಪಿಗೆ ಎಂದು ಎಣಿಸಿದ ಗಂಡಸಿಗೆ ಅವಳ ಪ್ರೀತಿ ಯಾವುದು, ಭಯ ಯಾವುದು ಎಂಬುದೇ ತಿಳಿಯದು.

ಹಳ್ಳಿಯ ಮೇಷ್ಟ್ರುಗಳೇ, ಟೀಚರಕ್ಕಂದಿರೇ, ಗಂಡುಮಕ್ಕಳ ತರಗತಿಯಲ್ಲೂ ಈ ಪಾಠ ಮಾಡಿ. ಸಂಘದ ಗೆಳೆಯರೇ, ಮುಂದಿನ ಸಭೆಯಲ್ಲಿ ಭೂಮಿ, ಕೂಲಿಯ ಜೊತೆ ಇದನ್ನೂ ಚರ್ಚೆಗೆ ಇಡಿ. ಮಾತಾಡಲು ಬೀಡಿಯ ಜಗಲಿಯಿಂದಲೇ ಹೆಂಗಸರನ್ನು ಕರೆಯಿರಿ. ಅವರು ಬಂದ ದಿನ ನೀವು ಎದ್ದು ಹೋಗಬೇಡಿ, ಕೂತು ಕೇಳಿ.